ಗುಡಿಗೆ ಬೇಲಿ, ಗುಡ್ಡಕ್ಕೆ?

ಮೇಗುತಿ ಗುಡ್ಡದ ಮೆಟ್ಟಿಲು ಹತ್ತುವಾಗ ಬೆಳಗಿನ ಆರೂವರೆ. ಕೆಳಗೆ ಐಹೊಳೆ ಆಗಷ್ಟೇ ಏಳುತ್ತಿತ್ತು. ಯಾವುದೋ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಇನ್ಯಾವುದೋ ಹಿತ್ತಲಲ್ಲಿ ಎಮ್ಮೆಯ ಕೂಗು. ಫೆಬ್ರುವರಿ ಮುಗಿಯುತ್ತ ಬಂದಿತ್ತು. ಇನ್ನೆರಡು ತಾಸು ಕಳೆದರೆ ಈ ಕಲ್ಲಿನ ಮೇಲೆ ಬರಿಗಾಲು ಊರಲಾಗದು ಎಂದು ಗುಳೇದಗುಡ್ಡದ ನನ್ನ ಗೆಳೆಯ ಅವಸರ ಮಾಡಿ ಎಬ್ಬಿಸಿಕೊಂಡು ಬಂದಿದ್ದ. ಅವನು ಹೈಸ್ಕೂಲ್ ಮಾಸ್ತರ. ಧಾರವಾಡದಲ್ಲಿ ಒಂದೇ ಖೋಲಿಯಲ್ಲಿದ್ದು ಓದಿದವರು ನಾವು.

ಮೇಲೆ ಒಂದು ನರಪಿಳ್ಳೆ ಇರಲಿಲ್ಲ. ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನ ತನ್ನ ಪಾಡಿಗೆ ತಾನು ಬೆಳಗಿನ ಬಿಸಿಲು ಕಾಯುತ್ತಿತ್ತು. ಕ್ರಿ.ಶ. 634ರದು. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹತ್ತೊಂಬತ್ತು ಸಾಲುಗಳಲ್ಲಿ ಹಾಡಿ, ಕೊನೆಗೆ ತನ್ನನ್ನು ತಾನೇ ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡ ಕವಿ ಅವನು. ಕವಿಗಳಿಗೆ ಆತ್ಮವಿಶ್ವಾಸದ ಬರ ಯಾವ ಕಾಲಕ್ಕೂ ಬಿದ್ದಿಲ್ಲ! ಆ ಸ್ವಪ್ರಶಂಸೆಯ ದೆಸೆಯಿಂದಲೇ ಕಾಳಿದಾಸನ ಕಾಲದ ಒಂದು ಗಡಿ ನಮಗೆ ಸಿಕ್ಕಿತಲ್ಲ, ಅದಕ್ಕೆ ಅವನನ್ನು ಕ್ಷಮಿಸಬಹುದು.

ಗುಡಿಯ ಹಿಂದಕ್ಕೆ ನಡೆದರೆ ಬೃಹತ್ ಶಿಲಾಯುಗದ ಕಲ್ಲುಗೋರಿಗಳು. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಅಷ್ಟೇ. ಚಾಲುಕ್ಯರು ಈ ಗುಡ್ಡ ಹತ್ತುವ ಎಷ್ಟೋ ಶತಮಾನ ಮೊದಲೇ ಯಾರೋ ತಮ್ಮ ಸತ್ತವರನ್ನು ಇಲ್ಲಿಗೆ ಹೊತ್ತು ತಂದಿದ್ದರು. ಅವುಗಳ ನಡುವೆ ಒಣಹುಲ್ಲು, ಕವಳಿ ಕಂಟಿ, ಜಾಲಿ. ಕಲ್ಲಿನ ಬಿರುಕಿನಿಂದ ಓತಿಕ್ಯಾತವೊಂದು ತಲೆ ಎತ್ತಿ ನಮ್ಮನ್ನು ಅಳೆದು ನೋಡಿತು. ಹುಲ್ಲಿನೊಳಗಿಂದ ಬುರ್ಲಿಗಳು ಭರ್ರನೆ ಎದ್ದು ಇಳಿಜಾರಿನ ಕಡೆ ಹಾರಿದವು.

ನಾನು ಬುರ್ಲಿ ಹಾರಿದ ದಿಕ್ಕನ್ನೇ ನೋಡುತ್ತ ನಿಂತಿದ್ದೆ. ಮಾಸ್ತರ ಶಾಸನದ ಕಡೆ ಕೈ ತೋರಿಸಿ, "ಇದನ್ನ ನೋಡಾಕ ಜರ್ಮನಿಯಿಂದ ಬರ್ತಾರಲೇ. ನೀ ನೋಡಿದ್ರ ಕಂಟಿ ನೋಡ್ಕೋತ ನಿಂತಿ. ಈ ಬೋಳಗುಡ್ಡದಾಗ ಏನೈತಿ?" ಅಂದ.

ಅವನು ತಮಾಷೆಗೆ ಅಂದದ್ದು. ಆದರೂ ಮುಂದಿನ ಎರಡು ದಿನ ನಾನು ಹೊತ್ತು ತಿರುಗಿದ್ದು ಆ ಪ್ರಶ್ನೆಯನ್ನೇ. ಗುಡಿಯ ಕಲ್ಲು ಈ ಗುಡ್ಡದ್ದೇ. ಗುಡ್ಡದಿಂದ ಬಿಡಿಸಿ ತಂದು ಉಳಿ ತಾಕಿಸಿದ ಮೇಲೆ ಅದಕ್ಕೆ ಬೇಲಿ ಬಂತು, ಕಾವಲುಗಾರ ಬಂದ, ಕಾನೂನು ಬಂತು. ಬಿಡಿಸದೇ ಉಳಿದ ಕಲ್ಲು ಮಾತ್ರ ಬೋಳಗುಡ್ಡ.

ಕೆಳಗಿಳಿದು ಚಹಾ ಕುಡಿದು ಊರೊಳಗೆ ಸುತ್ತಿದೆವು. ಐಹೊಳೆಯ ಗುಡಿಗಳ ಹೆಸರು ಕೇಳುವುದೇ ಒಂದು ಖುಷಿ: ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಕುಂಟಿ ಗುಡಿ, ಚಿಕ್ಕಿ ಗುಡಿ. ಎಷ್ಟೋ ಗುಡಿಗಳನ್ನು ಜನ ಇಂದು ಕರೆಯುವುದು ಒಳಗಿನ ದೇವರ ಹೆಸರಿನಿಂದಲ್ಲ, ಸುತ್ತಲಿನ ಜನರ ಹೆಸರಿನಿಂದ. ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಲಾಡಖಾನ ಎಂಬಾತ ಅದರಲ್ಲಿ ವಾಸವಾಗಿದ್ದನೆಂದು. ದುರ್ಗ ಗುಡಿಯ ದುರ್ಗವೂ ದೇವಿಯಲ್ಲ, ಕೋಟೆ. ಇಲ್ಲಿ ಜನ ನೂರಾರು ವರ್ಷ ಗುಡಿಗಳ ಒಳಗೇ ಸಂಸಾರ ಹೂಡಿದ್ದರು. ಒಲೆ ಹಚ್ಚಿದರು, ದನ ಕಟ್ಟಿದರು, ಕಂಬಕ್ಕೆ ಜೋಳಿಗೆ ಬಿಗಿದು ಕೂಸು ತೂಗಿದರು. ಕಲ್ಲಿಗೆ ಮಸಿ ಹಿಡಿದಿದ್ದು ನಿಜ. ಜನ ಇದ್ದುದರಿಂದಲೇ ಎಷ್ಟೋ ಗುಡಿ ಬೀಳದೆ ನಿಂತವು ಎನ್ನುವವರೂ ಇದ್ದಾರೆ.

ಆಮೇಲೆ ಸಂರಕ್ಷಣೆ ಬಂತು. ಗುಡಿಗಳು ತೆರವಾದವು, ಸುತ್ತ ಬೇಲಿ ಎದ್ದಿತು. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಹೆಜ್ಜೆಗೊಂದು ಗುಡಿಯಿರುವ ಊರಲ್ಲಿ ಈ ಅಳತೆ ಹಿಡಿದು ಹೊರಟರೆ ಉಳಿಯುವ ಜಾಗ ಎಷ್ಟು? ಹೊಸ ಕೋಣೆ ಕಟ್ಟುವಂತಿಲ್ಲ, ಬಿದ್ದ ಗೋಡೆ ಎತ್ತಲೂ ಪರವಾನಗಿ ಬೇಕು. ಊರನ್ನೇ ಬೇರೆಡೆ ಎಬ್ಬಿಸುವ ಮಾತು ದಶಕಗಳಿಂದ ನಡೆದೇ ಇದೆ. ಚಹಾ ಅಂಗಡಿಯ ಅವ್ವ ಅದನ್ನೇ ಎತ್ತಿ, "ಗುಡಿ ಉಳೀಬೇಕ್ರಿ, ಬ್ಯಾಡ ಅನ್ನಂಗಿಲ್ಲ. ನಾವೂ ಉಳೀಬೇಕಲ್ರಿ?" ಎಂದು ಇನ್ನೊಂದು ಕಪ್ಪು ಸುರಿದರು.

ದುರ್ಗ ಗುಡಿಯ ಆವರಣದಲ್ಲಿ ಹಸಿರು ಹುಲ್ಲುಹಾಸಿಗೆ ನೀರು ಬಿಟ್ಟಿದ್ದರು. ಬೇಲಿಯ ಒಳಗೆ ನೀರುಣ್ಣುವ ಪರದೇಶಿ ಹುಲ್ಲು. ಹೊರಗೆ ಯಾರ ಹಂಗಿಲ್ಲದೆ ಸಾವಿರಾರು ವರ್ಷ ಬೆಳೆದ ನಾಟಿ ಹುಲ್ಲು, ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವುದು ಒಳಗಿನದರ ಮೇಲೆ ಕೂತು.

ಹೊಳೆಯ ಹತ್ತಿರ ಹೋದಾಗ ಮಲಪ್ರಭೆ ಬಡಕಲಾಗಿದ್ದಳು. ಪರಶುರಾಮ ರಕ್ತದ ಕೊಡಲಿ ತೊಳೆದಾಗ ನೀರು ಕೆಂಪಾಗಿ, ಕಂಡ ಹೆಣ್ಣುಮಗಳು "ಅಯ್ಯೋ ಹೊಳೆ!" ಎಂದಳಂತೆ, ಅದೇ ಐಹೊಳೆ ಆಯಿತಂತೆ. ಅಯ್ಯಾವೊಳೆ ಐನೂರ್ವರ ವರ್ತಕ ಸಂಘದ ಹೆಸರು ದಕ್ಷಿಣ ಭಾರತದ ತುಂಬ ಶಾಸನಗಳಲ್ಲಿ ಇರುವಾಗ ಈ ವ್ಯುತ್ಪತ್ತಿ ನಿಲ್ಲುವುದಿಲ್ಲ. ಆದರೆ ಮಳೆಗಾಲದಲ್ಲಿ ಹೊಳೆ ಕೆಂಪಗೆ ಹರಿಯುವುದನ್ನು ಕಂಡವರಿಗೆ ಕತೆ ಹುಟ್ಟಿದ್ದು ಹೇಗೆಂದು ಹೇಳಬೇಕಿಲ್ಲ. ಆ ಕೆಂಪು ರಕ್ತವಲ್ಲ, ಮಣ್ಣು. ಮೇಲಿನ ಬೋಳುಗುಡ್ಡಗಳು ವರ್ಷವರ್ಷ ಕಳಕೊಳ್ಳುವ ಮಣ್ಣು.

ಈ ಹೊಳೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟ ಮಳೆಕಾಡಿನಲ್ಲಿ. ಅಲ್ಲೇ ಆಸುಪಾಸಿನ 190 ಚದರ ಕಿಲೋಮೀಟರ್ 2011ರಲ್ಲಿ ಭೀಮಗಡ ವನ್ಯಜೀವಿ ಧಾಮವಾಯಿತು. ಬಾದಾಮಿ, ಹುನಗುಂದದವರು ಭೀಮಗಡ ನೋಡಿರುವುದು ಕಡಿಮೆ. ಮಲಪ್ರಭೆಗೆ ನೀರು ತಿರುಗಿಸಲೆಂದು ನಡೆದ ಕಳಸಾ–ಬಂಡೂರಿ ಹೋರಾಟದಲ್ಲಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ಅವರ ನೀರಡಿಕೆ ಸುಳ್ಳಲ್ಲ. ಆ ನೀರನ್ನು ಮಳೆಗಾಲ ಮುಗಿದ ಮೇಲೂ ಹಿಡಿದಿಟ್ಟು ಬಿಡುವ ಕಾಡು ಸುಳ್ಳಾಗುವುದೂ ಸಾಧ್ಯವಿಲ್ಲ. ಹೊಳೆಗೆ ಎರಡೂ ಗೊತ್ತು. 2019ರ ಆಗಸ್ಟಿನಲ್ಲಿ ಇದೇ ಬಡಕಲು ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ವಿಶ್ವ ಪರಂಪರೆಯ ಗುಡಿಗಳೊಳಗೆ ನುಗ್ಗಿದಳು. ನೂರು ಮೀಟರಿನ ನಿಷೇಧಿತ ಪ್ರದೇಶ ಎಂದು ಅವಳಿಗೆ ಯಾರು ಹೇಳಬೇಕು?

ಮಾರನೆಯ ದಿನ ಮಾಸ್ತರನ ಬೈಕಿನಲ್ಲಿ ಹೊರಟೆವು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳದೆ ಮುಂದೆ ಹೋಗುವುದು ಈ ಸೀಮೆಯಲ್ಲಿ ಅಪರಾಧ. ಅದನ್ನು ಪೂರೈಸಿ ಬಾಗಲಕೋಟೆ ದಾಟಿ, ಗದ್ದನಕೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿ ಬೀಳಗಿಯ ಹಾದಿ ಹಿಡಿದೆವು. ಅನಗವಾಡಿ ಸೇತುವೆಯ ಮೇಲೆ ಬೈಕು ನಿಲ್ಲಿಸಿದಾಗ ಎರಡೂ ಬದಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಘಟಪ್ರಭೆ ಎಲ್ಲಿ ಮುಗಿಯಿತು, ಹಿನ್ನೀರು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ.

ಈ ಜಿಲ್ಲೆಯ ನೆಲದ ಲೆಕ್ಕ ತಿಳಿಯಬೇಕೆಂದರೆ ಈ ನೀರಿನ ಮುಂದೆ ನಿಲ್ಲಬೇಕು. ಆಲಮಟ್ಟಿಯಲ್ಲಿ 519.6 ಮೀಟರಿಗೆ ನೀರು ನಿಲ್ಲಿಸಿದ್ದಕ್ಕೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು, ಹತ್ತಾರು ಹಳ್ಳಿಗಳು ಮುಳುಗಿದವು. ನವನಗರ ಹುಟ್ಟಿತು. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಏರಿಸಲು ಒಪ್ಪಿದೆ. ಏರಿದರೆ ಇನ್ನಷ್ಟು ಹೊಲ, ಇನ್ನಷ್ಟು ಮನೆ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಜನ ಸುಮಾರು 18.9 ಲಕ್ಷ, ನೆಲ 6,575 ಚದರ ಕಿ.ಮೀ. ಮುಳುಗಿದವರು ಮೇಲೆ ಬರಬೇಕು, ಮೇಲಿದ್ದವರು ಒತ್ತಿಕೊಂಡು ಕೂರಬೇಕು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಬಂಡೆ ಸೀಳಬೇಕು, ಮುಧೋಳದ ಸಕ್ಕರೆ ಕಾರ್ಖಾನೆಗೆ ಕಬ್ಬು ಬೆಳೆಯಬೇಕು, ಕರೆಂಟಿಗೆ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರ ನಿಲ್ಲಿಸಬೇಕು. ಎಲ್ಲರ ಕಣ್ಣೂ ಕೊನೆಗೆ ಹೋಗಿ ಬೀಳುವುದು 'ಖಾಲಿ' ಜಾಗದ ಮೇಲೆ. ಖಾಲಿ ಎಂದರೆ ಹುಲ್ಲು, ಕಂಟಿ, ಕಲ್ಲು.

ಅಂಥ ಒಂದು ಖಾಲಿ ಜಾಗ ನೋಡಲೆಂದೇ ನಾವು ಹೊರಟಿದ್ದು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿದ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ, 96 ಚದರ ಕಿಲೋಮೀಟರ್ ಚಿಲ್ಲರೆ. ಧಾಮವೆಂದು ಘೋಷಣೆಯಾಗಿ ಸುಮಾರು ಹತ್ತು ವರ್ಷ. ಚಿಂಕಾರಕ್ಕೆಂದೇ ಕರ್ನಾಟಕದಲ್ಲಿ ಮೀಸಲಾದ ಮೊದಲ ಧಾಮ ಇದು. ಧಾಮ ಎಂದೊಡನೆ ಬಂಡೀಪುರ, ನಾಗರಹೊಳೆಯ ಕಾಡು ಕಣ್ಣ ಮುಂದೆ ಬಂದರೆ ಇಲ್ಲಿ ನಿರಾಸೆಯಾಗುತ್ತದೆ. ಸೊಂಟದುದ್ದದ ಹುಲ್ಲು, ಅಲ್ಲಲ್ಲಿ ತುಗ್ಗಲಿ, ಕಗ್ಗಲಿ, ಬೇವು, ಬಾರಿ ಕಂಟಿ, ಕೆಂಪು ಕಲ್ಲಿನ ದಿಬ್ಬ, ಒಣಗಿದ ಹಳ್ಳ. ಕಬ್ಬಿನ ಗದ್ದೆಯ ಬದು ದಾಟಿದರೆ ಥಟ್ಟನೆ ಇದು. ಮಾಸ್ತರನ ಮುಖದಲ್ಲಿ ನಿನ್ನೆಯ ಪ್ರಶ್ನೆ ಮತ್ತೆ ಎದ್ದಿತ್ತು. ಕೇಳಲಿಲ್ಲ, ಅಷ್ಟೇ.

ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆಗೆ ಬಂದರು. ಅರ್ಧ ತಾಸು ನಡೆದ ಮೇಲೆ ಅವರು ಮೊದಲು ತೋರಿಸಿದ್ದು ಚಿಂಕಾರವನ್ನಲ್ಲ, ಹಿಕ್ಕೆಯನ್ನು. ಒಂದೇ ಜಾಗದಲ್ಲಿ ಗುಂಪಾಗಿ ಬಿದ್ದ ಸಣ್ಣ ಕರಿ ಹಿಕ್ಕೆ, ಮೇಲೆ ಹೊಸವು, ಕೆಳಗೆ ಬಿಸಿಲಿಗೆ ಬಿಳಿಚಿದ ಹಳೆಯವು. ಅದು ದಿನವೂ ಬಂದು ಅಲ್ಲೇ ಹಾಕುತ್ತದಂತೆ, ಇದು ನನ್ನ ಸೀಮೆ ಎಂದು ಸಾರಲು. ಗುಡ್ಡದ ಮೇಲಿನ ಪುಲಕೇಶಿಯ ಶಾಸನ ನೆನಪಾಗಿ ನಗು ಬಂತು.

ಚಿಂಕಾರ ಇಪ್ಪತ್ತು ಇಪ್ಪತ್ತೈದು ಕಿಲೋ ತೂಗುವ ಸಣ್ಣ ಜೀವ. ಕೃಷ್ಣಮೃಗದಂತೆ ನೂರಾರು ಕೂಡಿ ಮೆರೆಯುವ ಜಾತಿಯಲ್ಲ. ಒಂಟಿಯಾಗಿ, ಹೆಚ್ಚೆಂದರೆ ಮೂರು ನಾಲ್ಕು. ಗಂಡು ಹೆಣ್ಣು ಎರಡಕ್ಕೂ ಕೊಂಬು, ಹೆಣ್ಣಿನದು ಕಡ್ಡಿಯಷ್ಟು ಸಣ್ಣ. ನೀರು ಸಿಗದಿದ್ದರೂ ಎಲೆಯ ತೇವ, ಬೆಳಗಿನ ಇಬ್ಬನಿಯಲ್ಲೇ ಬಹಳ ದಿನ ಸಾಗಿಸುತ್ತದೆ. ರಾಜಸ್ಥಾನದ ಮರುಭೂಮಿಯಿಂದ ಹರಡಿ ಬಂದ ಇದರ ಸೀಮೆ ದಕ್ಷಿಣದಲ್ಲಿ ನಮ್ಮ ಬಯಲುನಾಡಿನ ಆಚೀಚೆಗೇ ಮುಗಿಯುತ್ತದೆ. ಬರಗಾಲದ ನೆಲಕ್ಕೆ ಇಷ್ಟು ಹೊಂದಿಕೊಂಡ ಇನ್ನೊಬ್ಬ ನಿವಾಸಿಯನ್ನು ನಾನು ಕಾಣೆ, ಕುರುಬನೊಬ್ಬನನ್ನು ಬಿಟ್ಟರೆ.

ಮುಧೋಳ ಎಂದರೆ ನಾಡಿಗೆಲ್ಲ ನೆನಪಾಗುವುದು ಬೇರೆಯೇ ಪ್ರಾಣಿ. ಮೊಲ, ಚಿಗರಿಗಳನ್ನು ಬಯಲಲ್ಲಿ ಅಟ್ಟಿ ಹಿಡಿಯಲು ಬೆಳೆಸಿದ ಮುಧೋಳ ನಾಯಿ. ಅದರ ಓಟಕ್ಕೆ ಮನಸೋತ ಘೋರ್ಪಡೆ ದೊರೆಗಳು ಅದನ್ನು ಇಂಗ್ಲೆಂಡಿನ ಅರಸನಿಗೂ ಉಡುಗೊರೆ ಕೊಟ್ಟರು, 2005ರಲ್ಲಿ ಅದು ಅಂಚೆಚೀಟಿಯ ಮೇಲೂ ಬಂತು. ಬೆನ್ನಟ್ಟಿದವನಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ, ಓಡಿದವನಿಗೆ ಅದೇ ತಾಲ್ಲೂಕಿನಲ್ಲಿ ಬಹಳ ತಡವಾಗಿ ಒಂದು ಧಾಮ. ಆ ನಾಯಿಗೆ ಅಷ್ಟು ಉದ್ದನೆಯ ಕಾಲು ಕೊಟ್ಟದ್ದೇ ಈ ಬಯಲು, ಈ ಓಟ.

ಧಾಮದ ಅಂಚಿನಲ್ಲಿ, ಬೇವಿನ ನೆರಳಲ್ಲಿ ಕುರಿ ಹಿಂಡು ಕಂಡಿತು. ಕಂಬಳಿ ಹೊದ್ದ ಮುದುಕರೊಬ್ಬರು ನಮ್ಮನ್ನು ಬಹಳ ಹೊತ್ತಿನಿಂದ ಗಮನಿಸುತ್ತಿದ್ದರೆಂದು ಕಾಣುತ್ತದೆ.

"ಯಾವೂರವ್ರಿ? ಏನ್ ಹುಡಕಾಕ ಹತ್ತೀರಿ?"

"ಚಿಂಕಾರ ಅದಾವಂತಲ್ಲ ಕಾಕಾ, ನೋಡಾಕ ಬಂದೀವ್ರಿ," ಅಂದ ಮಾಸ್ತರ.

"ಚಿಂಕಾರ?" ಅವರು ಒಂದು ಗಳಿಗೆ ತಡೆದರು. "ಸಣ್ಣ ಚಿಗರಿ ಅನ್ರಿ ಮತ್ತ. ಬೋರ್ಡ್ ಬರ್ದ ಮ್ಯಾಲ ಅದರ ಹೆಸರ ಬದಲಾಗೈತಿ."

ತೋಳ ಬರುತ್ತವೇ ಎಂದು ನಾನು ಕೇಳಿದೆ.

"ಬರಲಾರ್ದ ಎಲ್ಲಿಗಿ ಹೋಕ್ಕಾವ್ರಿ? ಹ್ವಾದ ವರ್ಷ ನನ್ನವ ಮೂರ್ ಮರಿ ಒಯ್ದಾವ. ತ್ವಾಳದ ಪಾಲು ತ್ವಾಳಕ್ಕ ಅಂತಿದ್ದ ನಮ್ಮಪ್ಪ. ಬಿಟ್ಟೀವಿ. ಈಗ ಒಳಗ ಕುರಿ ಹೊಡೀಬ್ಯಾಡ ಅಂತಾರ. ಹೊರಗ ನೋಡಿದ್ರ ಕಬ್ಬು. ಕಬ್ಬಿನಾಗ ಕುರಿ ಬಿಟ್ರ ಹೊಲದವ್ರು ಸುಮ್ನ ಬಿಡ್ತಾರೇನ್ರಿ? ತ್ವಾಳದ ಪಾಲು ನಾವ್ ಕೊಟ್ಟೀವಿ. ನಮ್ಮ ಪಾಲು ಯಾರ್ ಕೊಡ್ತಾರ್ರಿ?"

ವಾಚರ್ ನೆಲ ನೋಡುತ್ತ ನಿಂತರು. ಅವರ ಮನೆಯಲ್ಲೂ ಕುರಿ ಇದ್ದವಂತೆ, ಆಮೇಲೆ ತಿಳಿಯಿತು.

ಐಹೊಳೆಯ ಚಹಾ ಅಂಗಡಿಯ ಅವ್ವ ಕೇಳಿದ್ದೂ ಇದನ್ನೇ. ಜನ ಕಿಕ್ಕಿರಿದ ನಾಡಲ್ಲಿ ಗೆರೆ ಎಳೆದರೆ ಅದು ಯಾರದೋ ಅಂಗಳದ ಮೇಲೇ ಹಾದುಹೋಗುತ್ತದೆ. ಹಾಗೆಂದು ಗೆರೆ ಬೇಡ ಎನ್ನಲು ನಾನು ತಯಾರಿಲ್ಲ. ಗೆರೆ ಇಲ್ಲದೆಡೆ ಏನಾಯಿತೆಂದು ಹಿನ್ನೀರಿನ ಆಚೀಚೆ ನೋಡಿಕೊಂಡೇ ಬಂದಿದ್ದೆ. 96 ಚದರ ಕಿಲೋಮೀಟರ್ ಎಂದರೆ ಈ ಜಿಲ್ಲೆಯ ನೆಲದ ನೂರಕ್ಕೆ ಒಂದೂವರೆ ಪಾಲು. 2030ರೊಳಗೆ ಭೂಮಿಯ ನೂರಕ್ಕೆ ಮೂವತ್ತು ಪಾಲನ್ನು ಕಾಪಾಡುತ್ತೇವೆಂದು ಜಗತ್ತಿನ ದೇಶಗಳು 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿಕೊಂಡಿವೆ. ನಾವು ಒಂದೂವರೆ ಕೊಟ್ಟು ಕೈ ಬೀಸಣಿಗೆ ಹಿಡಿದು ಕೂತಿದ್ದೇವೆ, ಬಹಳ ದಾನ ಮಾಡಿ ದಣಿದವರಂತೆ.

ತೊಂದರೆಯ ಬೇರು ಇರುವುದು ಹುಲ್ಲುಗಾವಲನ್ನು ನಾವು ಕರೆಯುವ ಹೆಸರಿನಲ್ಲಿ. ಸರ್ಕಾರದ ನಕಾಶೆಗಳಲ್ಲಿ ಕುರುಚಲು ನೆಲ ಇಂದಿಗೂ ಪಾಳುಭೂಮಿಯ ಪಟ್ಟಿಯಲ್ಲಿದೆ. ಪಾಳು ಎಂದ ಮೇಲೆ ಉದ್ಧಾರ ಮಾಡಬೇಕಲ್ಲ! ರಾಣೆಬೆನ್ನೂರಿನಲ್ಲಿ ಹಾಗೇ ಆಯಿತು. 1974ರಲ್ಲಿ ಕೃಷ್ಣಮೃಗಕ್ಕೆಂದು ಮೀಸಲಾದ 119 ಚದರ ಕಿ.ಮೀ. ಧಾಮದ ಬಹುಪಾಲು ನೀಲಗಿರಿ ತೋಪು. ಅಲ್ಲಿದ್ದ ಹೆಬ್ಬಕ ಎಂಬ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿಗೆ ಬೇಕಿದ್ದದ್ದು ಮರವಲ್ಲ, ಬಯಲು. ಅದು ಈಗ ಅಲ್ಲಿಲ್ಲ. ಗಿಡ ನೆಡುವುದು ಪುಣ್ಯದ ಕೆಲಸ ಎಂದು ಮಕ್ಕಳಿಗೆ ಹೇಳಿಕೊಡುವ ನಾವು, ಎಲ್ಲಿ ನೆಡಬಾರದು ಎಂಬುದನ್ನು ಹೇಳಿಕೊಡುವುದೇ ಇಲ್ಲ. ಇದನ್ನು ಮಾಸ್ತರನಿಗೆ ಹೇಳಿದಾಗ ಅವನು ಸ್ವಲ್ಪ ಸಿಟ್ಟಿಗೆದ್ದ. ಅವನ ಶಾಲೆಯಲ್ಲಿ ಪ್ರತಿ ಜೂನ್ 5ಕ್ಕೆ ಸಸಿ ನೆಡಿಸುವವನೇ ಅವನು. ಶಾಲೆಯ ಅಂಗಳಕ್ಕೆ ನೆಡು, ಚಿಗರಿಯ ಅಂಗಳಕ್ಕೆ ಬೇಡ ಎಂದು ರಾಜಿಯಾದೆವು.

ಪಕ್ಕದ ಗದಗ ಜಿಲ್ಲೆಯಲ್ಲಿ ಕಪ್ಪತಗುಡ್ಡಕ್ಕೆ ಬೇರೆ ಅದೃಷ್ಟ. ಅಲ್ಲಿ ಔಷಧಿ ಸಸ್ಯಗಳಿವೆ, ದೇವರಿದ್ದಾರೆ, ಒಳಗೆ ಚಿನ್ನ, ಕಬ್ಬಿಣವೂ ಇದೆ. ಸಂರಕ್ಷಿತ ಪಟ್ಟ ಕೊಟ್ಟು ಹಿಂತೆಗೆದಾಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಜನ ಬೀದಿಗಿಳಿದರು. ಪಟ್ಟ ಮರಳಿ ಬಂತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿ ಧಾಮವಾಯಿತು. ಯಡಹಳ್ಳಿಯ ಕಂಟಿಗಾಗಿ ಯಾವ ಸ್ವಾಮಿಗಳು ಉಪವಾಸ ಕೂರಬೇಕು? ಇಲ್ಲಿ ಆ ಕಂಟಿಯ ಪರವಾಗಿ ಮಾತಾಡಬಲ್ಲ ಒಬ್ಬನೇ ಸಾಕ್ಷಿ ಎಂದರೆ ಬೇವಿನ ಕೆಳಗಿನ ಆ ಕಾಕಾ. ಗುಡ್ಡದ ಹುಲ್ಲು ಅವನ ಕುರಿಯ ಹೊಟ್ಟೆ ಸೇರಿ, ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಹಿಂಡು ತರುಬಿದಾಗ ಗೊಬ್ಬರವಾಗಿ ಜೋಳಕ್ಕೆ ಇಳಿಯುತ್ತದೆ. ಜೋಳದ ರೊಟ್ಟಿ ಉಣ್ಣುವವರಿಗೆಲ್ಲ ಆ ಬೋಳಗುಡ್ಡದ ಋಣವಿದೆ. ಅವನನ್ನು ಗೆರೆಯ ಹೊರಗೆ ನಿಲ್ಲಿಸಿ ಗೆರೆ ಕಾಯುತ್ತೇವೆಂದರೆ ಕಾಯುವವರಾರು? ಯಾವ ತಿಂಗಳು, ಎಷ್ಟು ಕುರಿ, ಯಾವ ಇಳಿಜಾರು ಎಂದು ಅವನ ಜೊತೆ ಕೂತು ಮಾತಾಡಬೇಕು, ತೋಳ ಒಯ್ದ ಮರಿಯ ದುಡ್ಡು ತಿಂಗಳೊಳಗೆ ಕೈಗೆ ಬರಬೇಕು. ಇಷ್ಟಾದರೆ ನೂರು ಕಾವಲುಗಾರರ ಕೆಲಸ ಅವನೊಬ್ಬ ಮಾಡುತ್ತಾನೆಂದು ನನ್ನ ಎಣಿಕೆ.

ನಾಲ್ಕೂವರೆ ದಾಟಿತ್ತು. ವಾಪಸು ಹೊರಟವರಿಗೆ ವಾಚರ್ ಕೈಯೆತ್ತಿ ನಿಲ್ಲಿ ಎಂದರು. ದಿಬ್ಬದ ಅಂಚಿನಲ್ಲಿ ಎರಡು. ನೆಲದ ಬಣ್ಣವೇ ಮೈಬಣ್ಣ. ಬಾಲ ಆಡದಿದ್ದರೆ ಕಾಣುತ್ತಲೇ ಇರಲಿಲ್ಲ. ಆ ಕರಿಬಾಲ ಮಾತ್ರ ಒಂದು ಕ್ಷಣವೂ ಸುಮ್ಮನಿರದು. ಮುಂದಿನದು ನಮ್ಮ ಕಡೆ ತಿರುಗಿ ಸೀನಿದ ಹಾಗೆ ಒಂದು ಸಣ್ಣ ಸದ್ದು ಮಾಡಿತು. ಮರುಗಳಿಗೆ ದಿಬ್ಬ ಬರಿದು. ಎಲ್ಲ ಸೇರಿ ಹತ್ತು ಸೆಕೆಂಡು ಆಗಿರಬಹುದು. ಮಾಸ್ತರ ಮೊಬೈಲ್ ತೆಗೆಯುವುದರೊಳಗೆ ಮುಗಿದಿತ್ತು. ಐಹೊಳೆಯ ಗುಡಿಗಳು ಫೋಟೊಕ್ಕೆ ನಿಲ್ಲುತ್ತವೆ, ಇವು ನಿಲ್ಲುವುದಿಲ್ಲ.

ರಾತ್ರಿ ಗುಳೇದಗುಡ್ಡದಲ್ಲಿ ಅವನ ಮನೆಯ ಎಣ್ಣೆಗಾಯಿ, ರೊಟ್ಟಿ ಮುಂದಿಟ್ಟುಕೊಂಡು ಕೂತಾಗ ಹೆಂಡತಿ ಕೇಳಿದರು, "ಏನ್ ನೋಡ್ಕೊಂಡ್ ಬಂದ್ರಿ?" ಮಾಸ್ತರ ನನ್ನ ಮುಖ ನೋಡದೆ, "ಚಿಗರಿ. ಎರಡ್ ಇದ್ದು," ಅಂದ. ಅದನ್ನೇ ಊಟ ಮುಗಿಯುವುದರೊಳಗೆ ಮೂರು ಸಲ ಹೇಳಿದ.

ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬರುವವರು ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ಬೀಳಗಿಯ ಕಡೆ ಹೊರಡುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ನಸುಕಿಗೇ ಹೋಗಿ, ನೀರು ಒಯ್ಯಿರಿ, ಪ್ರಾಣಿ ಕಾಣಲೇಬೇಕೆಂದು ವಾಚರ್‌ಗೆ ದುಂಬಾಲು ಬೀಳಬೇಡಿ. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂದರೆ ಹಾರ್ನ್ ಬಾರಿಸದೆ ಬೈಕು ನಿಲ್ಲಿಸಿ. ಮನೆಯಲ್ಲಿ ಮುಧೋಳ ನಾಯಿ ಇದ್ದರೆ, ದಯವಿಟ್ಟು ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.